ದೊಡ್ಡ ಗಣಿಗೆ ಸರಕು ಕೊಡುವ ಸಣ್ಣ ಕೈಗಳು: ಹಕ್ಕು ಮತ್ತು ಹೊಣೆ



ಕೊಪ್ಪಳದಿಂದ ಹೊಸಪೇಟೆಯ ಕಡೆ ಹೊರಟರೆ ಗಿಣಿಗೇರಾ, ಬೇವಿನಹಳ್ಳಿ ದಾಟುವಷ್ಟರಲ್ಲಿ ಕಬ್ಬಿಣದ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಅವುಗಳಿಗೆ ಬೇಕಾದ ಅದಿರು ತುಂಗಭದ್ರೆಯ ಆಚೆ ಸಂಡೂರಿನ ಬೆಟ್ಟಗಳಲ್ಲಿದೆ. ಅಲ್ಲಿಯೇ ಕೇಂದ್ರ ಸರಕಾರದ ಎನ್‌ಎಂಡಿಸಿ ಕಂಪನಿಯ ದೋಣಿಮಲೈ ಗಣಿಯೂ ಇದೆ. ಇಂಥ ಗಣಿ, ಕಾರ್ಖಾನೆಗಳಲ್ಲಿ ನೇರ ನೌಕರಿ ಪಡೆದವರು ಕೆಲವರು ಮಾತ್ರ. ಅವುಗಳಿಗೆ ಲಾರಿ ಓಡಿಸುವವರು, ವೆಲ್ಡಿಂಗ್ ಮಾಡಿಕೊಡುವವರು, ಟಯರು ರಿಪೇರಿ ಮಾಡುವವರು, ಕ್ಯಾಂಟೀನಿಗೆ ಅಕ್ಕಿ ತರಕಾರಿ ಹಾಕುವವರು, ಕೈಗವಸು ಹೊಲಿದು ಕೊಡುವವರು ಅವರಿಗಿಂತ ಹೆಚ್ಚು. ನಮ್ಮ ಜಮಾಅತಿನ ಅನೇಕ ಮನೆಗಳ ಒಲೆ ಉರಿಯುವುದು ಇಂಥ ದುಡಿಮೆಯಿಂದಲೇ.

ಆದ್ದರಿಂದ ದೊಡ್ಡ ಕಂಪನಿ ಹೇಗೆ ಖರೀದಿ ಮಾಡುತ್ತದೆ, ಯಾವಾಗ ಹಣ ಕೊಡುತ್ತದೆ ಎಂಬುದು ಕಂಪನಿಯ ಕಚೇರಿಯೊಳಗಿನ ವಿಷಯ ಮಾತ್ರವಲ್ಲ. ಒಂದು ಗ್ಯಾರೇಜಿನ ಬಿಲ್ಲು ಆರು ತಿಂಗಳು ನಿಂತರೆ ಅಲ್ಲಿನ ಹುಡುಗನ ಪಗಾರ ನಿಲ್ಲುತ್ತದೆ, ಮಗಳ ಶಾಲೆಯ ಫೀಸು ನಿಲ್ಲುತ್ತದೆ, ಮಾಲೀಕ ಬಡ್ಡಿ ಸಾಲದ ಬಾಗಿಲು ತಟ್ಟಬೇಕಾಗುತ್ತದೆ.

ಕೇಳದೆ ಕೊಂಡದ್ದರ ಫಲ

ಹೊಣೆಯರಿತ ಖರೀದಿ ಎಂದರೆ ಅಗ್ಗವಾಗಿ ಕೊಳ್ಳುವುದಷ್ಟೇ ಅಲ್ಲ. ಸರಕು ಎಲ್ಲಿಂದ ಬಂತು, ಅದನ್ನು ತಂದವನಿಗೆ ನ್ಯಾಯವಾದ ಬೆಲೆ ಸಿಕ್ಕಿತೇ, ಅವನ ಕೈಕೆಳಗೆ ದುಡಿದವನಿಗೆ ಕೂಲಿ ಮುಟ್ಟಿತೇ, ಹಣ ಸಮಯಕ್ಕೆ ಹೋಯಿತೇ ಎಂದು ಕೇಳಿ ಕೊಳ್ಳುವುದು. ಇದನ್ನು ಕೇಳದೆ ಹೋದಾಗ ಏನಾಗುತ್ತದೆ ಎಂಬುದನ್ನು ನಮ್ಮ ಭಾಗದವರು ಕಣ್ಣಾರೆ ಕಂಡಿದ್ದಾರೆ.

ಅದಿರಿಗೆ ವಿದೇಶದಲ್ಲಿ ಬೆಲೆ ಏರಿದ ದಿನಗಳಲ್ಲಿ ಪರವಾನಗಿ ಇದೆಯೇ, ತೂಕ ಸರಿಯೇ ಎಂದು ಕೇಳುವವರು ಕಡಿಮೆಯಾದರು. ಬೇಲೆಕೇರಿ ಬಂದರಿನಲ್ಲಿ ಅಧಿಕಾರಿಗಳು ವಶಪಡಿಸಿಕೊಂಡಿದ್ದ ಅದಿರು ಕೂಡ 2010ರಲ್ಲಿ ಕಾಣೆಯಾಯಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡೇ ದಿನಗಳ ನಂತರ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಾರ್ಖಾನೆಗಳಿಗೆ ಅದಿರು ಬೇಕಾದ್ದರಿಂದ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು. ಆಮೇಲೆ ಅದಿರಿನ ಮಾರಾಟ ಇ-ಹರಾಜಿನ ಮೂಲಕವೇ ಆಗಬೇಕೆಂಬ ವ್ಯವಸ್ಥೆ ಬಂತು.

ತಪ್ಪು ಮಾಡಿದವರು ಯಾರೋ. ಆದರೆ ಸಾಲ ಮಾಡಿ ಲಾರಿ ಕೊಂಡವನ ಲಾರಿ ಮನೆಯ ಮುಂದೆ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ. ಮುಂದೆ 2018ರ ನವೆಂಬರಿನಲ್ಲಿ ಗುತ್ತಿಗೆ ನವೀಕರಣದ ಷರತ್ತುಗಳ ಬಗ್ಗೆ ರಾಜ್ಯ ಸರಕಾರ ಮತ್ತು ಎನ್‌ಎಂಡಿಸಿ ನಡುವೆ ವಿವಾದ ಬಂದು ದೋಣಿಮಲೈ ಗಣಿ ನಿಂತಿತು. ಅದು ಮತ್ತೆ ಆರಂಭವಾದದ್ದು 2021ರ ಫೆಬ್ರವರಿಯಲ್ಲಿ. ಒಂದೇ ದೊಡ್ಡ ಗಿರಾಕಿಯನ್ನು ನಂಬಿದ ಸಣ್ಣ ವ್ಯಾಪಾರಿಗೆ ಎರಡು ವರ್ಷಕ್ಕೂ ಮೀರಿದ ಈ ಕಾಲ ಬಹಳ ದೊಡ್ಡದು.

ಕಾನೂನು ಏನು ಹೇಳುತ್ತದೆ?

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಸಣ್ಣವರ ಪರವಾಗಿ ಒಂದು ಗಟ್ಟಿ ಮಾತು ಹೇಳಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ಸರಕು ಸರಿಯಿಲ್ಲ ಎಂಬ ತಕರಾರು ಇದ್ದರೆ ಅದನ್ನು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಕೊಟ್ಟ ದಿನವೇ ಸ್ವೀಕರಿಸಿದಂತೆ ಲೆಕ್ಕ.

ಹಣ ಬಾರದಿದ್ದರೆ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಕೊಡಬಹುದು. ಅದನ್ನು ಆನ್‌ಲೈನಿನಲ್ಲಿ ಕುಳಿತಲ್ಲಿಂದಲೇ ಸಲ್ಲಿಸಬಹುದು. ಖರೀದಿದಾರ ದೇಶದ ಯಾವ ಮೂಲೆಯಲ್ಲಿದ್ದರೂ ಸರಬರಾಜುದಾರ ಇರುವ ಕಡೆಯ ಕೌನ್ಸಿಲ್ಲೇ ವಿಚಾರಿಸುತ್ತದೆ. ಸಣ್ಣವನ ಪರವಾಗಿ ತೀರ್ಪು ಬಂದ ಮೇಲೆ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಖರೀದಿದಾರ ಮೊದಲು ಆ ಮೊತ್ತದ ಶೇಕಡಾ 75 ಭಾಗ ಠೇವಣಿ ಇಡಬೇಕು.

ದೊಡ್ಡವರ ಮೇಲೆ ಇನ್ನೂ ಕೆಲವು ಹಿಡಿತಗಳಿವೆ. 45 ದಿನ ಮೀರಿದ ಬಾಕಿ ಇದ್ದರೆ ಕಂಪನಿಗಳು ಆರು ತಿಂಗಳಿಗೊಮ್ಮೆ ಸರಕಾರಕ್ಕೆ ವಿವರ ಕೊಡಬೇಕೆಂಬ ನಿಯಮ 2019ರಲ್ಲಿ ಬಂತು. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬಿಗಿಯಾಯಿತು: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚಿನ ಲೆಕ್ಕದಲ್ಲಿ ತೋರಿಸಬಹುದು.

ಎನ್‌ಎಂಡಿಸಿಯಂತಹ ಕೇಂದ್ರ ಸರಕಾರಿ ಕಂಪನಿಗಳಿಗೆ 2012ರ ಖರೀದಿ ನೀತಿಯೂ ಅನ್ವಯಿಸುತ್ತದೆ. ಈಗ ವರ್ಷದ ಖರೀದಿಯಲ್ಲಿ ಕನಿಷ್ಠ ಶೇಕಡಾ 25 ಭಾಗವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಅದರೊಳಗೆ ಶೇಕಡಾ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ, ಶೇಕಡಾ 3 ಮಹಿಳೆಯರ ಉದ್ಯಮಗಳಿಗೆ ಮೀಸಲು. ಟೆಂಡರ್ ಅರ್ಜಿ ಉಚಿತ, ಮುಂಗಡ ಠೇವಣಿಯಿಂದಲೂ ವಿನಾಯಿತಿ ಇದೆ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟು ಸಮವಸ್ತ್ರ, ಕೈಗವಸು ಹೊಲಿಯುವ ಸಹೋದರಿಯರು ಆ ಶೇಕಡಾ 3ರ ಮಾತನ್ನು ಗುರುತಿಟ್ಟುಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಈ ಖರೀದಿ ನೀತಿ ಇಲ್ಲ. ಆದರೆ 45 ದಿನದ ನಿಯಮ ಎಲ್ಲರಿಗೂ ಒಂದೇ.

ಹಾಗಾದರೆ ನಾವೇಕೆ ಸೋಲುತ್ತೇವೆ?

ಕಾಗದ ಇಲ್ಲದ್ದರಿಂದ. “ಸಾಹೇಬರು ಮಾತು ಕೊಟ್ಟಿದ್ದಾರೆ” ಎಂಬ ನಂಬಿಕೆಯಲ್ಲಿ ಕೆಲಸ ಆರಂಭವಾಗುತ್ತದೆ. ಸಾಹೇಬರಿಗೆ ವರ್ಗವಾದ ಮೇಲೆ ಮಾತೂ ವರ್ಗವಾಗುತ್ತದೆ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಹೇಳುವ ಅಲ್-ಬಕರಾದ 282ನೇ ಸೂಕ್ತವೇ ಕುರ್‌ಆನಿನ ಅತಿ ದೀರ್ಘ ಸೂಕ್ತ ಎಂಬುದು ನಮಗೆಲ್ಲ ಗೊತ್ತು. ಗೊತ್ತಿದ್ದೂ ವ್ಯಾಪಾರದಲ್ಲಿ ಬರೆಯಲು ಸಂಕೋಚ ಪಡುತ್ತೇವೆ. ಬರೆದಿಡುವುದು ಎದುರಿನವನನ್ನು ಅನುಮಾನಿಸುವುದಲ್ಲ, ಇಬ್ಬರನ್ನೂ ಜಗಳದಿಂದ ಕಾಪಾಡುವುದು.

ಮಾಡಬೇಕಾದದ್ದು ಇಷ್ಟು. ಮೊದಲು ಉದ್ಯಮ್ ನೋಂದಣಿ ಮಾಡಿಸಿ. ಅದು ಉಚಿತ. ಸರಕು ಕೊಡುವ ಮೊದಲೇ ಮಾಡಿಸಿ, ಜಗಳ ಬಂದ ಮೇಲಲ್ಲ. ಆರ್ಡರ್ ಬರಹದಲ್ಲಿ ಪಡೆಯಿರಿ. ಸರಕು ಇಳಿಸಿದ ದಿನ ಚಲನ್ ಮೇಲೆ ತಾರೀಕು, ಸಹಿ, ಮೊಹರು ಹಾಕಿಸಿಕೊಳ್ಳಿ, 45 ದಿನದ ಲೆಕ್ಕ ನಿಲ್ಲುವುದು ಆ ಚಲನಿನ ಮೇಲೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಮಾಡಿಸಿ. ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ.

ಒಂದು ಎಚ್ಚರಿಕೆ. ತಡ ಪಾವತಿಯ ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತಿದೆ, ಆದರೆ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಅಂದರೆ ಟಯರು ರಿಪೇರಿ ಮಾಡಿದವನಿಗೆ ಸಿಗುವ ರಕ್ಷಣೆ ಟಯರು ಮಾರಿದವನಿಗೆ ಸಿಗದಿರಬಹುದು. ಅಂಥವರು ಒಪ್ಪಂದದಲ್ಲೇ ಗಡುವು ಬರೆಸಿಕೊಳ್ಳಬೇಕು.

ಬಡ್ಡಿಯ ಪ್ರಶ್ನೆ

ಗಡುವು ಮೀರಿದರೆ ಖರೀದಿದಾರ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿಯನ್ನು ಕೊಡಬೇಕು ಎನ್ನುತ್ತದೆ ಕಾಯ್ದೆ. ದೊಡ್ಡವರಿಗೆ ಭಯ ಇರಲಿ ಎಂಬುದು ಕಾನೂನಿನ ಉದ್ದೇಶ. ಆದರೆ ಇದೇ ಕಾರಣಕ್ಕೆ ನಮ್ಮಲ್ಲಿ ಕೆಲವರು, ಬಡ್ಡಿಯ ಗೊಡವೆಯೇ ಬೇಡ ಎಂದು ಅರ್ಜಿಯನ್ನೇ ಹಾಕದೆ ಸುಮ್ಮನಾಗಬಹುದು. ಇಲ್ಲಿ ಎರಡನ್ನು ಬೇರೆ ಮಾಡಿ ನೋಡಬೇಕು. ಮೂಲ ಬಾಕಿ ನಿಮ್ಮ ಬೆವರಿನ ಹಣ, ಅದನ್ನು ಕೇಳಲು ಯಾವ ಸಂಕೋಚವೂ ಬೇಕಿಲ್ಲ. ಬಡ್ಡಿಯ ಭಾಗದ ಬಗ್ಗೆ ಏನು ಮಾಡಬೇಕೆಂದು ನೀವು ನಂಬುವ ಉಲಮಾರಲ್ಲಿ ವಿಚಾರಿಸಿ. ಬಿಲ್ಲನ್ನು ಅಡವಿಟ್ಟು ಮುಂಚಿತವಾಗಿ ಹಣ ಪಡೆಯುವ ಯೋಜನೆಗಳ ಬಗ್ಗೆಯೂ ಸೇರುವ ಮುನ್ನವೇ ಕೇಳಿ. ಆ ಒಂದು ಪ್ರಶ್ನೆಗಾಗಿ ಇಡೀ ಹಕ್ಕನ್ನೇ ಕೈಬಿಟ್ಟರೆ ನಷ್ಟ ನಿಮ್ಮದು, ನಿಮ್ಮ ಕೆಲಸಗಾರರದು.

ನಮ್ಮ ಕೈಯಲ್ಲಿರುವ ತಕ್ಕಡಿ

ನಾವು ಕಂಪನಿಗೆ ಸಣ್ಣವರು. ಆದರೆ ನಮ್ಮ ಕೈಕೆಳಗಿನ ಕ್ಲೀನರ್ ಹುಡುಗನಿಗೆ ನಾವೇ ದೊಡ್ಡ ಕಂಪನಿ. “ಮೇಲಿನಿಂದ ಬಿಲ್ ಬಂದಿಲ್ಲ” ಎಂದು ಅವನ ಕೂಲಿ ತಡೆದರೆ, ನಾವು ದೂರುವವರಿಗೂ ನಮಗೂ ವ್ಯತ್ಯಾಸವೇನು? 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಒಂದು ನಿಯಮವಿದೆ: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಟ್ಟು, ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಬೇಕು. ಕಾರ್ಮಿಕರಾಗಿರುವ ನಮ್ಮ ಸಹೋದರರು ಇದನ್ನು ತಿಳಿದಿರಬೇಕು.

ಲಾರಿಗೆ ಮಿತಿ ಮೀರಿ ಹೇರುವುದು, ಕಳಪೆ ಸಾಮಾನಿಗೆ ಒಳ್ಳೆಯದರ ಬಿಲ್ ಹಾಕುವುದು, ಆರ್ಡರಿಗಾಗಿ ಅಧಿಕಾರಿಯ ಜೇಬು ತುಂಬುವುದು ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಸರಕಾರಿ ನೌಕರನಿಗೆ ಲಂಚ ಕೊಡುವವನೂ ನೇರವಾಗಿ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಸರಕಾರಿ ಗಣಿ ಕಂಪನಿಯ ಅಧಿಕಾರಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಈ ಶುಕ್ರವಾರ ನಮಾಝಿನ ನಂತರ ಒಂದು ಕೆಲಸ ಮಾಡೋಣ. ಅಂಗಡಿಯ ಬಾಕಿ ಪುಸ್ತಕ ತೆರೆದು ಎರಡು ಪಟ್ಟಿ ಬರೆಯೋಣ: ನಮಗೆ ಬರಬೇಕಾದದ್ದು ಒಂದು, ನಾವು ಕೊಡಬೇಕಾದದ್ದು ಇನ್ನೊಂದು. ಮೊದಲನೆಯದಕ್ಕೆ ಅರ್ಜಿ ಬರೆಯೋಣ. ಎರಡನೆಯದನ್ನು, ಕೈಯಲ್ಲಿ ಇದ್ದಷ್ಟಾದರೂ, ಅದೇ ಸಂಜೆ ತೀರಿಸೋಣ. ನಮ್ಮೆಲ್ಲರ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಆಮೀನ್.