ಊಟದ ಜೊತೆಗೆ ವೈನ್: ಎಣ್ಣೆಗಾಯಿಗೆ ಯಾವುದು, ಪಂದಿ ಕರಿಗೆ ಯಾವುದು?

ಪುಣೆಯಲ್ಲಿ 'ವೈನ್ಸ್' ಎಂದು ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಮಾರಾಟವಾಗುವ ವಸ್ತು ವೈನೇ ಇರಬೇಕು. ಬೆಂಗಳೂರಿನಲ್ಲೂ ಇದೇ ಕಥೆ. ಕೌಂಟರಿನ ಮುಂದೆ ನಿಂತವರಿಗೆ ಬೇಕಾದದ್ದು ವಿಸ್ಕಿ, ರಮ್, ತಣ್ಣನೆಯ ಬಿಯರ್. ವೈನ್ ಬಾಟಲಿಗಳು ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ನಿಂತಿರುತ್ತವೆ. ಒಂದು ಕೊಡಿ ಎಂದರೆ ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: 'ರೆಡ್ ಕೀ ವ್ಹೈಟ್?' ಕೆಂಪೋ ಬಿಳಿಯೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇವತ್ತು ಮನೆಯಲ್ಲಿ ಊಟಕ್ಕೆ ಏನು?

ನಾನು ವೈನ್ ಪಂಡಿತನಲ್ಲ. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಾಕಡ್‌ನಲ್ಲಿ ಮನೆ, ಊರು ವಿಜಯಪುರದ ಹತ್ತಿರ. ನಮ್ಮಪ್ಪ ದ್ರಾಕ್ಷಿ ಬೆಳೆಗಾರರು. ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡಿ ತಾಸಗಾಂವ್ ಮಾರುಕಟ್ಟೆಗೆ ಕಳಿಸುವುದು ನಮ್ಮ ಮನೆಯ ಕಸುಬು. ದ್ರಾಕ್ಷಿಯ ನೆರಳಲ್ಲೇ ಬೆಳೆದರೂ ವೈನ್ ರುಚಿ ನೋಡಿದ್ದು ಪುಣೆಗೆ ಬಂದ ಮೇಲೆ. ಹಾಗಾಗಿ ಇಲ್ಲಿರುವುದು ಒಬ್ಬ ಊಟಪ್ರಿಯನ ಅಭಿಪ್ರಾಯ ಎಂದುಕೊಂಡು ಓದಿ.

ದ್ರಾಕ್ಷಿ ಸೀಮೆಯ ನಡುವೆ

ವೈನ್ ಎಂದರೆ ಫ್ರಾನ್ಸಿನಿಂದಲೇ ಬರಬೇಕು ಎನ್ನುವವರಿಗೆ ಪುಣೆಯ ನಕ್ಷೆ ತೋರಿಸಬೇಕು. ನಾಸಿಕ್ ರಸ್ತೆಯಲ್ಲಿರುವ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲೇ ಶಾಮರಾವ್ ಚೌಗುಲೆ ಅವರ ಇಂಡೇಜ್ ಸಂಸ್ಥೆ ಫ್ರೆಂಚ್ ತಂತ್ರಜ್ಞಾನದಿಂದ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಮಾಡಿ 'ಓಮರ್ ಖಯ್ಯಾಮ್' ಹೆಸರಿನಲ್ಲಿ ಹೊರದೇಶಕ್ಕೆ ಕಳಿಸಿತ್ತು. ಆ ಕಂಪನಿ ಮುಂದೆ ಸಾಲದಲ್ಲಿ ಮುಳುಗಿತು, ಆದರೆ ದಾರಿ ತೋರಿಸಿದ್ದು ಅದೇ. ಇನ್ನೂ ಮುಂದೆ ನಾಸಿಕ್‌ಗೆ ಹೋದರೆ ರಾಜೀವ್ ಸಾಮಂತ್ ಕಟ್ಟಿದ ಸುಲಾ. ಸೋಲಾಪುರ ಹೆದ್ದಾರಿಯಲ್ಲಿ ನಾವು ವಿಜಯಪುರಕ್ಕೆ ಹೋಗುವಾಗ ಇಂದಾಪುರದ ಹತ್ತಿರ ಅಕ್ಲೂಜ್ ಕಡೆಗೆ ದಾರಿ ಒಡೆಯುತ್ತದೆ; ಅಲ್ಲಿ ಫ್ರಾಟೆಲ್ಲಿ. ಇಟಲಿಯ ಸಾಂಜೊವೇಸೆ ತಳಿಯನ್ನು ಸೋಲಾಪುರ ಜಿಲ್ಲೆಯ ಬಿಸಿಲಲ್ಲಿ ಬೆಳೆಸಿದವರು ಅವರು.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ 1988ರಲ್ಲಿ ಸಂಸ್ಥೆ ಶುರು ಮಾಡಿದರು. 1992ರ ಹೊತ್ತಿಗೆ ಅವರ ವೈನ್ ಮಾರುಕಟ್ಟೆಗೆ ಬಂತು. ಈಗ ಹಂಪಿಯ ಕಡೆ ಕೃಷ್ಮಾ ತೋಟದ ಕ್ಯಾಬರ್ನೆ ಸುವಿನ್ಯೋಂಗೂ ಹೆಸರಿದೆ. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ವೈನ್ ಉದ್ಯಮಕ್ಕೆಂದೇ ನೀತಿ ತಂದವು. ಮಹಾರಾಷ್ಟ್ರ ತನ್ನಲ್ಲೇ ತಯಾರಾದ ವೈನಿಗೆ ಅಬಕಾರಿ ಸುಂಕದಲ್ಲಿ ವಿನಾಯಿತಿ ಕೊಟ್ಟಿತು. ಪುಣೆಯ ಅಂಗಡಿಯಲ್ಲಿ ನಾಸಿಕ್ ಬಾಟಲಿಗಳೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ತಟ್ಟೆಯಿಂದ ಶುರು ಮಾಡಿ

ನಮ್ಮಲ್ಲಿ ಕುಡಿಯುವ ಪದ್ಧತಿ ಒಂದಿದೆ. ಮೊದಲು ಗ್ಲಾಸು, ಜೊತೆಗೆ ನಂಜಿಕೊಳ್ಳಲು ಶೇಂಗಾ, ಮಿಕ್ಸ್ಚರ್. ಊಟ ರಾತ್ರಿ ಹನ್ನೊಂದಕ್ಕೆ, ಅದೂ ಯಾರಿಗೂ ರುಚಿ ಗೊತ್ತಾಗದ ಸ್ಥಿತಿಯಲ್ಲಿ. ವೈನಿಗೆ ಈ ಪದ್ಧತಿ ಒಗ್ಗುವುದಿಲ್ಲ. ಅದು ತಟ್ಟೆಯ ಪಕ್ಕದಲ್ಲಿ ಉಪ್ಪಿನಕಾಯಿಯ ಹಾಗೆ ಇರಬೇಕಾದದ್ದು, ತುತ್ತಿಗೊಮ್ಮೆ ಸ್ವಲ್ಪ.

ಮೊದಲ ನಿಯಮ ಖಾರದ್ದು. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಕೆಂಪು ವೈನಿನಲ್ಲಿರುವ ಟ್ಯಾನಿನ್, ಅಂದರೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿಯುತ್ತದಲ್ಲ ಆ ಒಗರು, ಸೇರಿದರೆ ಉರಿ ಇನ್ನೂ ಜೋರು. ಬದನೆಕಾಯಿ ಎಣ್ಣೆಗಾಯಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ದಪ್ಪ ಕೆಂಪು ವೈನ್ ಕುಡಿದರೆ ಬಾಯಿಗೆ ಬೆಂಕಿ ಬೀಳುತ್ತದೆ. ಅದೇ ಊಟಕ್ಕೆ ಚೆನ್ನಾಗಿ ತಣಿಸಿದ ರೋಸೆ, ಅಂದರೆ ತಿಳಿ ಗುಲಾಬಿ ಬಣ್ಣದ ವೈನ್, ಇಟ್ಟು ನೋಡಿ. ಕೊಲ್ಹಾಪುರದ ತಾಂಬಡಾ ರಸ್ಸಾಕ್ಕೂ, ಪುಣೆಯ ಮಿಸಳಿಗೂ ಇದೇ ಮಾತು. ಖಾರ ಜಾಸ್ತಿ ಇದ್ದಷ್ಟೂ ವೈನ್ ತಣ್ಣಗಿರಲಿ, ಸ್ವಲ್ಪ ಸಿಹಿ ಇರಲಿ, ಆಲ್ಕೋಹಾಲ್ ಕಡಿಮೆ ಇರಲಿ.

ಎರಡನೆಯದು ಹುಳಿ. ಬಿಸಿಬೇಳೆಬಾತ್, ಪುಳಿಯೋಗರೆ, ಹುಣಸೆ ಹಾಕಿದ ಮೀನು ಗಸಿ, ಇವಕ್ಕೆ ಹುಳಿ ಇರುವ ವೈನೇ ಬೇಕು. ಇಲ್ಲದಿದ್ದರೆ ವೈನ್ ನೀರು ನೀರಾಗಿ ಕಾಣುತ್ತದೆ. ನಾಸಿಕ್‌ನ ಶೆನಾನ್ ಬ್ಲಾಂಕ್ ತುಸು ಸಿಹಿ, ಸಾಕಷ್ಟು ಹುಳಿ. ನಮ್ಮ ಮನೆಯ ಬಿಸಿಬೇಳೆಬಾತಿಗೆ ಅದೇ ಕಾಯಂ. ಮಂಗಳೂರಿನ ಗೆಳೆಯರು ಕೋರಿ ರೊಟ್ಟಿ ಮಾಡಿದಾಗಲೂ ಅದನ್ನೇ ಒಯ್ಯುತ್ತೇನೆ. ತೆಂಗಿನಹಾಲು, ಬ್ಯಾಡಗಿ ಮೆಣಸು ಎರಡಕ್ಕೂ ಹೊಂದಿಕೊಳ್ಳುತ್ತದೆ. ಮೀನಿಗೆ ಕೆಂಪು ವೈನ್ ಬೇಡ ಎನ್ನುವುದು ಬರೀ ಶಿಷ್ಟಾಚಾರವಲ್ಲ. ಕೆಲವು ಕೆಂಪು ವೈನ್ ಮೀನಿನ ಜೊತೆ ಸೇರಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಉಳಿಯುತ್ತದೆ.

ಹಾಗಾದರೆ ಕೆಂಪು ವೈನ್ ಯಾವುದಕ್ಕೆ? ಕೊಬ್ಬಿಗೆ. ಟ್ಯಾನಿನ್ನಿನ ಒಗರನ್ನು ಕೊಬ್ಬು ಮೆತ್ತಗೆ ಮಾಡುತ್ತದೆ. ಕೊಡಗಿನ ಸಹೋದ್ಯೋಗಿಯೊಬ್ಬರು ಹುತ್ತರಿಗೆ ಪಂದಿ ಕರಿ ಮಾಡಿ ಕರೆಯುತ್ತಾರೆ. ಕರಿಮೆಣಸು, ಕಾಚಂಪುಳಿ, ಕರಗುವ ಕೊಬ್ಬು. ಅದಕ್ಕೆ ಶಿರಾಜ್ ಹೊಂದಿದಷ್ಟು ಬೇರೆ ಯಾವುದೂ ಹೊಂದುವುದಿಲ್ಲ. ಶಿರಾಜ್ ದ್ರಾಕ್ಷಿಯಲ್ಲೇ ಕರಿಮೆಣಸಿನ ವಾಸನೆ ಇದೆ. ಎರಡರಲ್ಲೂ ಇರುವ ಪರಿಮಳದ ಅಂಶ ಒಂದೇ.

ಮಳೆಗಾಲದ ಮಿರ್ಚಿ ಬಜ್ಜಿ, ವಡಾ ಪಾವ್‌ಗೆ ಸ್ಪಾರ್ಕ್ಲಿಂಗ್ ವೈನ್. ಅದರ ನೊರೆ, ಹುಳಿ ಎಣ್ಣೆಯ ಜಿಡ್ಡನ್ನು ತೊಳೆದು ಹಾಕುತ್ತವೆ. ಹೋಳಿಗೆಗೆ ಸಿಹಿಯೇ ಇಲ್ಲದ ವೈನ್ ಕೊಟ್ಟರೆ ಮಜ್ಜಿಗೆಗಿಂತ ಹುಳಿ ಎನಿಸುತ್ತದೆ. ವೈನ್ ಕನಿಷ್ಠ ಹೋಳಿಗೆಯಷ್ಟಾದರೂ ಸಿಹಿ ಇರಬೇಕು. ತಡವಾಗಿ ಕೊಯ್ದ ದ್ರಾಕ್ಷಿಯ 'ಲೇಟ್ ಹಾರ್ವೆಸ್ಟ್' ವೈನ್ ಇದಕ್ಕೇ ಇರುವುದು. ಬಿಸಿ ಸಾರು, ಮೊಸರನ್ನಕ್ಕೆ ಏನು ಎಂದು ಕೇಳುವವರಿಗೆ ನನ್ನ ಉತ್ತರ: ನೀರು. ಎಲ್ಲಕ್ಕೂ ವೈನ್ ಬೇಕಿಲ್ಲ.

ಬಿಸಿಲೂರಿನ ರೂಮ್ ಟೆಂಪರೇಚರ್

ಕೆಂಪು ವೈನ್ ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು ಎಂದು ಯಾರೋ ಹೇಳಿದ್ದನ್ನು ನಾವೆಲ್ಲ ಪಾಲಿಸುತ್ತೇವೆ. ಹೇಳಿದವರ ರೂಮು ಯುರೋಪಿನದು, 16-18 ಡಿಗ್ರಿ. ಏಪ್ರಿಲ್‌ನಲ್ಲಿ ಪುಣೆಯ ನಮ್ಮ ರೂಮು ಅದರ ಎರಡು ಪಟ್ಟು. ಆ ಶಾಖದಲ್ಲಿ ಮೂಗಿಗೆ ಬರುವುದು ಬರೀ ಸ್ಪಿರಿಟ್ಟಿನ ಘಾಟು. ಕೆಂಪು ವೈನನ್ನೂ ಊಟಕ್ಕೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿನಲ್ಲಿಡಿ. ಬಿಳಿ ವೈನನ್ನು ಊಟಕ್ಕೆ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ, ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ.

ಕೊಳ್ಳುವಾಗ ನಾನು ನೋಡುವುದು ಎರಡೇ. ಬಿಳಿ ಮತ್ತು ರೋಸೆಯಾದರೆ ಲೇಬಲ್ಲಿನ ಮೇಲಿನ ವರ್ಷ ಹತ್ತಿರದ್ದಿರಲಿ. ಇವು ಇಟ್ಟು ಹಳತು ಮಾಡುವ ವೈನ್ ಅಲ್ಲ. ಬಾಟಲಿ ಬಿಸಿಲು ಬೀಳುವ ಗಾಜಿನ ಹಿಂದೆ ನಿಂತಿದ್ದರೆ ಬೇಡ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಅಗ್ಗದ ಮಾಲು ಎಂಬ ಸಂಶಯವೂ ಬೇಡ, ಕಾರ್ಕ್ ತೆಗೆಯುವ ತಿರುಪು ಹುಡುಕುವ ಕೆಲಸ ತಪ್ಪಿತು ಅಷ್ಟೇ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬಾಳುತ್ತದೆ. ಇವತ್ತೇ ಮುಗಿಸಬೇಕು ಎನ್ನುವುದು ಬರೀ ನೆಪ.

ಲೆಕ್ಕ ಹಾಕಿ ನೋಡೋಣ

'ವೈನ್ ತಾನೇ, ದಾರು ಅಲ್ಲವಲ್ಲ' ಎನ್ನುವ ಮಾತು ಪಾರ್ಟಿಗಳಲ್ಲಿ ಕೇಳುತ್ತೇನೆ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಬಿಡುವುದಾಗಿ ಹೇಳಿದಾಗಲೂ ಇದೇ ವಾದ ಎದ್ದಿತ್ತು. ದ್ರಾಕ್ಷಿ ರೈತರಿಗೆ ಲಾಭ ಎಂದು ಸರ್ಕಾರ ಹೇಳಿತು; ಅಣ್ಣಾ ಹಜಾರೆ ಉಪವಾಸ ಕೂರುತ್ತೇನೆ ಎಂದರು. ಎರಡೂ ಕಡೆಯವರ ಮಾತು ನನಗೆ ಹತ್ತಿರದ್ದು, ಏಕೆಂದರೆ ನಾನು ದ್ರಾಕ್ಷಿ ರೈತನ ಮಗ.

ಲೆಕ್ಕ ಮಾತ್ರ ಸುಳ್ಳು ಹೇಳುವುದಿಲ್ಲ. 750 ಮಿಲಿ ಬಾಟಲಿಯಲ್ಲಿ ಶೇಕಡಾ 13ರಷ್ಟು ಆಲ್ಕೋಹಾಲ್ ಎಂದರೆ 97 ಮಿಲಿಗಿಂತ ಸ್ವಲ್ಪ ಹೆಚ್ಚು. 60 ಮಿಲಿ ವಿಸ್ಕಿಯಲ್ಲಿ, 42.8 ಶೇಕಡಾ ಲೆಕ್ಕದಲ್ಲಿ, ಸುಮಾರು 26 ಮಿಲಿ. ಅಂದರೆ ಅರ್ಧ ಬಾಟಲಿ ವೈನ್ ಕುಡಿದವನು ಹತ್ತಿರಹತ್ತಿರ ಎರಡು ಲಾರ್ಜ್ ವಿಸ್ಕಿ ಕುಡಿದಂತೆ. 150 ಮಿಲಿಯ ಒಂದು ಗ್ಲಾಸಿನಲ್ಲಿ 20 ಮಿಲಿಗೆ ತುಸು ಕಡಿಮೆ. 1990ರ ದಶಕದಲ್ಲಿ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಸುದ್ದಿ ಲೋಕವೆಲ್ಲ ಹರಡಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ರುಚಿಗಾಗಿ ಕುಡಿಯುತ್ತೇನೆ ಎನ್ನಿ, ಒಪ್ಪುತ್ತೇನೆ. ಔಷಧಿ ಎನ್ನಬೇಡಿ.

ಅಪ್ಪ ಬಂದಾಗ

ಮೇ ತಿಂಗಳಲ್ಲಿ ಒಣದ್ರಾಕ್ಷಿ ಕೆಲಸವೆಲ್ಲ ಮುಗಿದ ಮೇಲೆ ಅಪ್ಪ ಅವ್ವ ಪುಣೆಗೆ ಬರುತ್ತಾರೆ. ವಲಸೆ ಬಂದ ನಮ್ಮಂಥವರ ಮನೆಗಳಲ್ಲಿ ಆಗ ನಡೆಯುವ ಕೆಲಸ ನಿಮಗೂ ಗೊತ್ತು: ಬಾಟಲಿಗಳು ಅಟ್ಟಕ್ಕೆ ಹೋಗುತ್ತವೆ. ಮೂರು ವರ್ಷದ ಹಿಂದೆ ಹೆಂಡತಿಯೂ ನಾನೂ ಮಾತಾಡಿಕೊಂಡು, ಅಡಗಿಸುವುದು ಬೇಡ ಎಂದು ತೀರ್ಮಾನಿಸಿದೆವು.

ಎರಡನೇ ದಿನ ಅಪ್ಪ ಫ್ರಿಜ್ಜಿನಿಂದ ನೀರು ತೆಗೆಯುವಾಗ ಬಾಟಲಿ ನೋಡಿದರು. ಹೊರಗೆ ತೆಗೆದು ತಿರುವಿ ತಿರುವಿ ನೋಡಿ, ಬೆಳೆಗಾರ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಒಂದ ಬಾಟ್ಲಿಗೆ ಎಷ್ಟ ಕಿಲೋ ದ್ರಾಕ್ಷಿ ಬೇಕಪಾ?"

"ಒಂದು ಕಿಲೋಕ್ಕಿಂತ ತುಸು ಜಾಸ್ತಿ, ಅಪ್ಪಾ. ನಮ್ಮ ತಳಿ ಅಲ್ಲ. ಸಣ್ಣ ಕಾಳು, ದಪ್ಪ ಸಿಪ್ಪಿ, ಬೀಜ ಇರ್ತಾವ."

"ಎಂಟನೂರು ರೂಪಾಯಿ!" ಎಂದು ಸುಮ್ಮನಾದರು. ಮನಸ್ಸಿನಲ್ಲೇ ಏನೋ ಲೆಕ್ಕ ನಡೆದಿತ್ತು. ಆಮೇಲೆ ಚಾಟ್ನಿ ಯಾವಾಗ ಮಾಡುತ್ತಾರೆ, ರೋಗ ಎಷ್ಟು ಎಂದೆಲ್ಲ ಕೇಳಿದರು. ಅವ್ವ ಮಾತ್ರ ನಡುವೆ ಬಾಯಿ ಹಾಕಿ, "ನಾ ಕುಡಿಯೋ ದ್ರಾಕ್ಷಾಸವದಾಗೂ ಇದ ಇರತೈತೇನ?" ಎಂದಳು. ಇರುತ್ತದೆ. ದ್ರಾಕ್ಷಾಸವವೂ ಹುಳಿಸಿದ ದ್ರಾಕ್ಷಿಯೇ, ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಲೇಬಲ್ಲೇ ಹೇಳುತ್ತದೆ. ಅವಳು ನಕ್ಕಳು.

ಅಪ್ಪ ನಗಲಿಲ್ಲ. "ನಿಮ್ಮ ಕಾಕಾನೂ ಊಟಕ್ಕ ಮೊದಲ ಒಂದ ಅಂತಿದ್ದ" ಎಂದರು. ಕಾಕಾನ ಕಥೆ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಎರಡು ಎಕರೆ ದ್ರಾಕ್ಷಿ ತೋಟ ಸೆರೆಗೆ ಹೋಯಿತು, ನಲವತ್ತೆಂಟಕ್ಕೆ ಅವನೂ ಹೋದ. ಅಪ್ಪನ ಪಾಲಿಗೆ ಕುಡಿತ ಎಂದರೆ ಯಾವ ಗ್ಲಾಸಾದರೂ ಆ ತೋಟವೇ. ಶಿರಾಜ್, ಶೆನಾನ್ ಎಂದು ನಾನು ಏನು ಹೇಳಿದರೂ ಆ ಮಾತಿನ ಮುಂದೆ ನಿಲ್ಲುವುದಿಲ್ಲ. ನಾನು ಹೇಳಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರೇ ಹೇಳಿದರು: "ನನ್ನ ಮುಂದ ಕುಡೀಬ್ಯಾಡ. ನನಗ ಮುಚ್ಚಿಡಲೂಬ್ಯಾಡ."

ಎರಡನ್ನೂ ಪಾಲಿಸುತ್ತಿದ್ದೇನೆ. ಅವರಿದ್ದಷ್ಟು ದಿನ ಬಾಟಲಿ ಫ್ರಿಜ್ಜಿನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ, ತೆರೆಯುವುದಿಲ್ಲ. ಉಳಿದ ದಿನಗಳಿಗೆ ನಮ್ಮ ಮನೆಯಲ್ಲಿ ಒಂದೇ ನಿಯಮ: ಬಾಟಲಿ ತಟ್ಟೆಗಳ ಜೊತೆ ಮೇಜಿಗೆ ಬರಬೇಕು, ತಟ್ಟೆಗಳ ಜೊತೆಯೇ ಹಿಂದೆ ಹೋಗಬೇಕು. ತಲೆಗೊಂದು ಗ್ಲಾಸು, ಶನಿವಾರಕ್ಕೊಮ್ಮೆ. ಎಂಟು ವರ್ಷದ ಮಗಳು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿರುತ್ತಾಳೆ. ಅವಳ ಕಣ್ಣೆದುರು ಎರಡನೆಯ ಗ್ಲಾಸಿಗೆ ಕೈ ಹಾಕುವುದು ಸುಲಭವಲ್ಲ, ಅದು ಒಳ್ಳೆಯದೇ.

ಕುಡಿಯದವರು ಇದನ್ನೋದಿ ಶುರು ಮಾಡಬೇಕಿಲ್ಲ. ಎಣ್ಣೆಗಾಯಿ ವೈನ್ ಇಲ್ಲದೆಯೂ ಎಣ್ಣೆಗಾಯಿಯೇ. ಕುಡಿಯುವವರು ಈ ಶನಿವಾರ ಒಂದು ಕೆಲಸ ಮಾಡಿ. ಮೊದಲು ಅಡುಗೆ ಏನೆಂದು ತೀರ್ಮಾನಿಸಿ, ಆಮೇಲೆ ಅಂಗಡಿಗೆ ಹೋಗಿ. 'ರೆಡ್ ಕೀ ವ್ಹೈಟ್' ಎಂದು ಕೇಳಿದವನಿಗೆ ಮನೆಯಲ್ಲಿ ಬಿಸಿಬೇಳೆಬಾತ್ ಇದೆ ಎಂದು ಹೇಳಿ ನೋಡಿ. ಅವನು ಏನು ಕೊಟ್ಟ, ಊಟಕ್ಕೆ ಅದು ಹೊಂದಿತೋ ಇಲ್ಲವೋ, ನಮಗೂ ಬರೆದು ತಿಳಿಸಿ.