ಕೋಚ್ ಮತ್ತು ಅವರ ಟಿಪ್ಪಣಿ ಪುಸ್ತಕ

ಹಂಗೇರಿ ದೇಶದ ಕೋಚ್ ಎಂಬ ಗ್ರಾಮದ ಗಾಡಿಗಳಿಂದ ಹುಟ್ಟಿದ ಶಬ್ದವು, 1830ರ ಸುಮಾರಿಗೆ ಇಂಗ್ಲೆಂಡಿನ ವಿದ್ಯಾರ್ಥಿಗಳ ಆಡುಮಾತಿನಲ್ಲಿ, ಪರೀಕ್ಷೆಯನ್ನು ದಾಟಿಸುವ ಉಪಾಧ್ಯಾಯನಿಗೆ ಸಲ್ಲತೊಡಗಿತು. ಈಗ ಉದ್ಯೋಗದ ಬಿಕ್ಕಟ್ಟಿನಲ್ಲಿರುವವರಿಗೆ ಪ್ರಶ್ನೆಗಳ ಮೂಲಕ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಲು ನೆರವಾಗುವವರಿಗೂ ಅದೇ ಹೆಸರು.

ಕೆಲವು ವರ್ಷಗಳ ಹಿಂದೆ ನಾವೂ ಇಂಥವರೊಬ್ಬರನ್ನು ಆಶ್ರಯಿಸಿದ್ದೆವು. ರೋಗಶಯ್ಯೆಯಲ್ಲಿರುವ ತಾಯಿಯವರನ್ನು ಬಿಟ್ಟು ಪರಸ್ಥಳಕ್ಕೆ ಹೋಗಲಾರೆವೆಂದು ಮೊದಲ ಭೇಟಿಯಲ್ಲಿಯೇ ಗದ್ಗದಕಂಠದಿಂದ ಹೇಳಿಕೊಂಡಿದ್ದೆವು. ಮೂರನೆಯ ಭೇಟಿಯಲ್ಲಿ ಅವರು, “ಬೇರೆ ಊರಿಗೆ ಹೋಗಲು ತಮಗೆ ಅಡ್ಡಿಯೇನು?” ಎಂದು ಕೇಳಿದರು. ಅವರು ನಿರ್ದಯರಲ್ಲ, ಮರೆತಿದ್ದರು, ಅಷ್ಟೆ. ಆದರೆ ಅಂದಿನಿಂದ ನಮ್ಮ ಬಾಯಿ ಕಟ್ಟಿಹೋಯಿತು.

ಮರೆವು ಮನುಷ್ಯಸಹಜವಾದುದು. ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸರು ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬಾಯಿಪಾಠಮಾಡಿ ತಮ್ಮನ್ನೇ ಪರೀಕ್ಷಿಸಿಕೊಂಡು 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗಂಟೆಯೊಳಗಾಗಿ ಕಲಿಕೆಯ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿಹೋಗಿತ್ತು. ಅರ್ಥವುಳ್ಳ ಮಾತು ಇನ್ನೂ ಕೆಲಕಾಲ ನಿಲ್ಲುವುದು ನಿಜ. ಆದರೂ ದಿನಕ್ಕೆ ನಾಲ್ವರ ಕಷ್ಟವನ್ನು ಕೇಳುವವರು ನೆನಪೊಂದನ್ನೇ ನಂಬುವುದು ತರವಲ್ಲ.

ಹಾಗಾದರೆ ಬರೆಯತಕ್ಕುದೇನು? ಆಡಿದುದೆಲ್ಲವನ್ನೂ ಅಲ್ಲ. ತಲೆಬಗ್ಗಿಸಿ ಬರೆಯುತ್ತಲೇ ಇರುವವರಿಗೆ ಎದುರಿನವರ ಮುಖವು ಕಾಣಿಸದು. ಮಾತುಕತೆ ನಡೆಯುವಾಗ ನಾಲ್ಕಾರು ಪದಗಳು ಸಾಕು. ಮುಗಿದೊಡನೆ ಹತ್ತು ನಿಮಿಷ ಕುಳಿತು ಅವನ್ನು ತುಂಬಿಸಬೇಕು. ಜಾನ್ ವಿಟ್ಮೋರರು 1992ರ ತಮ್ಮ ಗ್ರಂಥದಿಂದ ಪ್ರಚಾರಕ್ಕೆ ತಂದ ಕ್ರಮದಲ್ಲಿ ನಾಲ್ಕು ಮೆಟ್ಟಿಲುಗಳುಂಟು: ಗುರಿ, ಇಂದಿನ ಸ್ಥಿತಿ, ಇರುವ ದಾರಿಗಳು, ಸಂಕಲ್ಪ. ಪುಟವನ್ನು ಈ ನಾಲ್ಕು ಭಾಗ ಮಾಡಿದರೆ ಬರಹವು ತಾನೇ ಅಳತೆಗೆ ಬರುವುದು. ಹೇಳಿದವರ ಮುಖ್ಯವಾದ ಮಾತನ್ನು ಅವರ ಶಬ್ದಗಳಲ್ಲಿಯೇ ಇಡಬೇಕು. ನಮ್ಮ ಊಹೆಯನ್ನು ಊಹೆಯೆಂದೇ ಬೇರೆ ಗುರುತಿಸಬೇಕು. ಒಪ್ಪಿಕೊಂಡ ಕೆಲಸವನ್ನೂ ಅದರ ದಿನಾಂಕವನ್ನೂ ಕೊನೆಯಲ್ಲಿ ಬರೆಯಬೇಕು. ಮುಂದಿನ ಭೇಟಿಗೆ ಮೊದಲು ಓದದಿದ್ದರೆ ಇದೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಇನ್ನು ಗೋಪ್ಯದ ವಿಚಾರ. 1995ರಲ್ಲಿ ಸ್ಥಾಪಿತವಾದ ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ನೀತಿಸಂಹಿತೆಯು, ದಾಖಲೆಗಳನ್ನು ಇಡುವಾಗಲೂ ನಾಶಪಡಿಸುವಾಗಲೂ ಗುಟ್ಟನ್ನು ಕಾಯಬೇಕೆಂದು ವಿಧಿಸುತ್ತದೆ. ಸಂಬಳ ಕೊಡುವ ಧಣಿಯೇ ಕೋಚಿನ ಶುಲ್ಕವನ್ನೂ ತೆರುವಾಗ, ಯಾವ ಸಂಗತಿ ಯಾರಿಗೆ ತಿಳಿಯಬಹುದೆಂಬುದನ್ನು ಮೊದಲೇ ಮೂವರೂ ಒಪ್ಪಿರಬೇಕು. ಸ್ವತಃ ಆ ವ್ಯಕ್ತಿಯೇ ಓದಿದರೂ ನಾಚಬೇಕಾಗದಂತೆ ಬರೆಯುವುದೇ ಉತ್ತಮವಾದ ಅಳತೆಗೋಲು.

ಸಲಹೆ ಕೇಳುವವರೂ ತಮ್ಮದೊಂದು ಪುಸ್ತಕವನ್ನು ಇಟ್ಟುಕೊಳ್ಳುವುದು ಲೇಸು. ಹಾಲಿನ ಲೆಕ್ಕವನ್ನು ಬರೆದಿಡುವ ಗೃಹಸ್ಥರು ತಮ್ಮ ಸಂಕಲ್ಪಗಳ ಲೆಕ್ಕವನ್ನು ಮಾತ್ರ ಗಾಳಿಗೆ ಬಿಡುವುದೇಕೆ?

ಮುಂದೆ ನಾವು ಮತ್ತೊಬ್ಬರಲ್ಲಿಗೆ ಹೋದೆವು. ಎರಡನೆಯ ಭೇಟಿಯಲ್ಲಿ ಅವರು ಪುಟವನ್ನು ನೋಡಿ, “ತಾಯಿಯವರನ್ನು ಬಿಡಲಾರೆನೆಂದಿರಿ. ಹಾಗಾದರೆ ಊರಿನಲ್ಲಿದ್ದುಕೊಂಡೇ ಏನು ಮಾಡಬಹುದು?” ಎಂದರು. ಅದೇ ಉದ್ಯೋಗದಲ್ಲಿ ಕೆಲಸದ ವೇಳೆಯನ್ನು ಬದಲಿಸಿಕೊಳ್ಳುವ ಉಪಾಯವು ಅಂದು ಹೊಳೆಯಿತು. ತಾಯಿಯವರ ಕೊನೆಯ ವರ್ಷದಲ್ಲಿ ನಾವು ಅವರ ಹತ್ತಿರವೇ ಇದ್ದೆವು.