ನಿಮಗಿದು ಗೊತ್ತೇ? ನಾಯಿಯ ನೀರಿನ ಬಟ್ಟಲು ಖಾಲಿ ಮಾಡಿಸುವ ಪುಟ್ಟ ಗುಳಿಗೆ!

ನಿಮ್ಮ ನಾಯಿ ಮೈಯೆಲ್ಲ ಕೆರೆದುಕೊಳ್ಳುತ್ತಿತ್ತು. ಪಶುವೈದ್ಯರು ಪುಟ್ಟದೊಂದು ಗುಳಿಗೆ ಬರೆದುಕೊಟ್ಟರು. ಹೆಸರು ಪ್ರೆಡ್ನಿಸೊಲೋನ್, ಅದೊಂದು ಸ್ಟಿರಾಯ್ಡ್. ಒಂದೆರಡು ದಿನದಲ್ಲೇ ಕೆರೆತ ಮಾಯ! ಆದರೆ ಅದರ ಬೆನ್ನಿಗೇ ನಾಯಿಯ ನಡವಳಿಕೆ ವಿಚಿತ್ರವಾಯಿತು, ಅಲ್ಲವೇ? ಅದು ನಾಯಿಯ ತುಂಟತನವಲ್ಲ. ಸ್ಟಿರಾಯ್ಡ್ ಗುಳಿಗೆಯ ಕೈವಾಡ! ಅದು ಏನೇನು ಮಾಡಿಸುತ್ತದೆ ನೋಡಿ.

ಮೊದಲು ನೀರು. ಆರೋಗ್ಯವಂತ ನಾಯಿ ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 40ರಿಂದ 60 ಮಿಲಿಲೀಟರ್ ನೀರು ಕುಡಿಯುತ್ತದೆ. ಅಂದರೆ 30 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಒಂದೂವರೆ ಲೀಟರ್ ಆಸುಪಾಸು ಸಾಕು. ಸ್ಟಿರಾಯ್ಡ್ ಶುರುವಾದ ಮೇಲೆ ಅದೇ ನಾಯಿ 3 ಲೀಟರ್ ದಾಟಬಹುದು! ಬಟ್ಟಲು ತುಂಬಿಸಿ ಈ ಕಡೆ ತಿರುಗುವಷ್ಟರಲ್ಲಿ ಖಾಲಿ. ಬಚ್ಚಲುಮನೆಯ ಬಕೆಟ್ಟಿಗೂ ಬಾಯಿ. ಹೂಕುಂಡದ ತಟ್ಟೆಯ ನೀರನ್ನೂ ಬಿಡುವುದಿಲ್ಲ!

ಯಾಕೆ ಹೀಗೆ? ನೀರು ಕುಡಿದದ್ದಕ್ಕೆ ಉಚ್ಚೆ ಹೆಚ್ಚಾಯಿತು ಅಂದುಕೊಂಡಿರಾ? ನಡೆಯುವುದು ಉಲ್ಟಾ! ಮೈಯ ನೀರನ್ನು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನೊಂದಿದೆ. ಸ್ಟಿರಾಯ್ಡ್ ಅದರ ಕೆಲಸಕ್ಕೆ ಅಡ್ಡಬರುತ್ತದೆ. ನೀರೆಲ್ಲ ಮೂತ್ರವಾಗಿ ಹರಿದುಹೋಗುತ್ತದೆ. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತದೆ!

ಹಾಗಾಗಿ ವರ್ಷಗಟ್ಟಲೆ ಮನೆಯೊಳಗೆ ಒಂದು ಹನಿಯೂ ಗಲೀಜು ಮಾಡದ ನಾಯಿ ನಡುರಾತ್ರಿ ಹಾಲ್‌ನಲ್ಲಿ ಉಚ್ಚೆ ಮಾಡಿಬಿಡುತ್ತದೆ. ದಯವಿಟ್ಟು ಬೈಯಬೇಡಿ. ಪಾಪ, ಅದರ ಕೈಲಿ ತಡೆದುಕೊಳ್ಳಲು ಆಗುವುದಿಲ್ಲ. ಉಚ್ಚೆ ಕಡಿಮೆಯಾಗಲಿ ಎಂದು ಬಟ್ಟಲು ಎತ್ತಿಡುವವರೂ ಇದ್ದಾರೆ. ಅದಂತೂ ಬೇಡವೇ ಬೇಡ! ಮೈಯ ನೀರು ಹೋಗುತ್ತಲೇ ಇರುತ್ತದೆ, ಒಳಗೆ ಬರುವುದು ಮಾತ್ರ ನಿಲ್ಲುತ್ತದೆ. ಮಲಗುವ ಮುಂಚೆ ಇನ್ನೊಂದು ಸಲ ಹೊರಗೆ ಕರೆದುಕೊಂಡು ಹೋಗಿ, ನಡುರಾತ್ರಿ ಬಾಗಿಲ ಬಳಿ ಕುಂಯ್‌ಗುಟ್ಟಿದರೆ ಎದ್ದು ಬಾಗಿಲು ತೆಗೆಯಿರಿ.

ಇನ್ನು ಹಸಿವು! ಊಟ ಮುಗಿದ ಮರುಗಳಿಗೆಯೇ ತಟ್ಟೆ ನೆಕ್ಕುತ್ತಾ ನಿಂತಿರುತ್ತದೆ. ಬೀನ್ಸ್ ಕಂಡರೆ ಮೂಗು ಮುರಿಯುತ್ತಿದ್ದ ನಾಯಿ ಈಗ ಕ್ಯಾರೆಟ್ ಸಿಪ್ಪೆಯನ್ನೂ ಬಿಡುವುದಿಲ್ಲ. ಕಸದ ಬುಟ್ಟಿಯನ್ನು ಎತ್ತರಕ್ಕೆ ಇಡಿ. ಆ ಕಣ್ಣು ನೋಡಿ ಕರಗಿ ಇನ್ನೆರಡು ಚಪಾತಿ ಹಾಕಿದಿರೋ, ತೂಕ ಏರಿಬಿಡುತ್ತದೆ!

ತಂಪಾದ ನೆಲದ ಮೇಲೆ ಮಲಗಿದ್ದರೂ ನಾಲಿಗೆ ಹೊರಚಾಚಿ ಏದುಸಿರು. ಫ್ಯಾನ್ ಹಾಕಿದರೂ ನಿಲ್ಲದು. ಓಡಿಲ್ಲ, ಆಡಿಲ್ಲ, ಬಿಸಿಲಿಗೆ ಹೋಗಿಲ್ಲ. ಇದೂ ಗುಳಿಗೆಯದೇ ಕೆಲಸ!

ಸ್ಟಿರಾಯ್ಡ್ ಎಂದರೆ ಜಿಮ್‌ನಲ್ಲಿ ಮೈ ಕಟ್ಟುವವರು ತೆಗೆದುಕೊಳ್ಳುವ ಔಷಧ ಅಂತ ಕೇಳಿದ್ದೀರಲ್ಲವೇ? ಅದರ ಬಳಗವೇ ಬೇರೆ. ನಾಯಿಗೆ ಕೊಡುವುದು ಮೈಯೇ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ಬಳಗದ್ದು. ಇದು ಮಾಂಸಖಂಡವನ್ನು ಬೆಳೆಸುವುದಿಲ್ಲ, ಕರಗಿಸುತ್ತದೆ! ತಿಂಗಳುಗಟ್ಟಲೆ ತಿಂದ ನಾಯಿಯ ತಲೆಯ ಮೇಲೆ ಕೈಯಾಡಿಸಿ ನೋಡಿ. ಮಾಂಸ ಇಳಿದು ಬುರುಡೆಯ ಏಣು ಬೆರಳಿಗೆ ಸಿಗಬಹುದು. ಒಂದೇ ನೆಗೆತಕ್ಕೆ ಸೋಫಾ ಏರುತ್ತಿದ್ದ ನಾಯಿ ಮುಂಗಾಲು ಮಾತ್ರ ಮೇಲಿಟ್ಟು ನಿಮ್ಮ ಮುಖ ನೋಡುತ್ತದೆ.

ಮೈ ಸೊರಗಿದೆ, ಹೊಟ್ಟೆ ಮಾತ್ರ ಜೋತುಬಿದ್ದಿದೆ! ಇದು ಬರೀ ಕೊಬ್ಬಲ್ಲ. ಹೊಟ್ಟೆಯ ಸ್ನಾಯು ಸಡಿಲವಾಗಿರುತ್ತದೆ. ಒಳಗೆ ಲಿವರ್ ಊದಿಕೊಂಡು ಕೆಳಕ್ಕೆ ಒತ್ತುತ್ತಿರುತ್ತದೆ. ಮನುಷ್ಯರಿಗೆ ಇದೇ ಔಷಧದಿಂದ ಮುಖ ದುಂಡಗೆ ಊದಿಕೊಳ್ಳುತ್ತದೆ. ನಾಯಿಯಲ್ಲಿ ಎದ್ದು ಕಾಣುವುದು ಹೊಟ್ಟೆ!

ಆ ಲಿವರ್ ಊದುವುದೇಕೆ ಗೊತ್ತೇ? ಅದರ ಕೋಶಗಳ ತುಂಬ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು! ಔಷಧ ನಿಂತ ಮೇಲೆ ಸಾಮಾನ್ಯವಾಗಿ ಈ ದಾಸ್ತಾನು ಕರಗಿ ಲಿವರ್ ನಿಧಾನವಾಗಿ ಮೊದಲಿನಂತಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ನಾಯಿಯ ರಕ್ತಪರೀಕ್ಷೆಯ ವರದಿ ಕೈಗೆ ಬಂದಿದೆ ಅಂದುಕೊಳ್ಳಿ. ಅದರಲ್ಲಿ ಎಎಲ್‌ಪಿ ಎಂಬ ಕಿಣ್ವದ ಸಾಲಿದೆ. ಆ ಸಾಲಿನ ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಪಕ್ಕದಲ್ಲಿ ದಪ್ಪ ಅಕ್ಷರ. ಲಿವರ್ ಕೆಟ್ಟೇಹೋಯಿತು ಎಂದು ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ತಾಳಿ! ನಾಯಿಯ ಲಿವರ್‌ಗೆ ಒಂದು ವಿಶೇಷ ಗುಣವಿದೆ. ಸ್ಟಿರಾಯ್ಡ್ ತಗುಲಿದರೆ ಅದು ಈ ಕಿಣ್ವದ ಬೇರೆಯೇ ಒಂದು ರೂಪವನ್ನು ತಯಾರಿಸುತ್ತದೆ. ಬೆಕ್ಕಿಗೆ ಅದು ಬರುವುದಿಲ್ಲ. ಮನುಷ್ಯರಿಗೂ ಬರುವುದಿಲ್ಲ. ಇದು ನಾಯಿಯ ಸ್ವಂತ ಸೊತ್ತು! ಹಾಗಾಗಿ ಗುಳಿಗೆ ನಡೆಯುತ್ತಿರುವಾಗ ಆ ಒಂದು ಅಂಕಿ ಏರಿದ ಮಾತ್ರಕ್ಕೆ ಲಿವರ್ ಹಾಳಾಯಿತು ಎಂದಲ್ಲ. ಪರೀಕ್ಷೆಗೆ ಕೊಡುವಾಗ ಗುಳಿಗೆಯ ವಿಷಯ ಹೇಳಲೇಬೇಕು.

ಹೇಳದಿದ್ದರೆ ಇನ್ನೂ ಎಡವಟ್ಟುಗಳಿವೆ. ಸ್ಟಿರಾಯ್ಡ್ ತಿನ್ನುವ ನಾಯಿಯ ಥೈರಾಯ್ಡ್ ಚೆನ್ನಾಗಿದ್ದರೂ ವರದಿಯಲ್ಲಿ ಕಡಿಮೆ ಎಂದು ಬರಬಹುದು! ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಏರಿ ಇನ್ನೊಂದು ಬಗೆ ಇಳಿದಿರಬಹುದು. ಚರ್ಮದ ಅಲರ್ಜಿ ಪರೀಕ್ಷೆಯಂತೂ ಔಷಧ ನಿಲ್ಲಿಸಿ ಕೆಲವು ವಾರ ಕಾಯದೆ ಮಾಡಿದರೆ ನಂಬುವ ಹಾಗೇ ಇಲ್ಲ.

ಸ್ಕ್ಯಾನಿಂಗಿಗೆಂದು ಹೊಟ್ಟೆಯ ಕೂದಲು ಬೋಳಿಸಿದರು. ವಾರವಾಯಿತು, ತಿಂಗಳಾಯಿತು, ಎರಡು ತಿಂಗಳಾಯಿತು. ಆ ಚೌಕ ಇನ್ನೂ ಬೋಳು! ಸ್ಟಿರಾಯ್ಡ್ ಕೂದಲಿನ ಬೇರನ್ನು ನಿದ್ದೆಗೆ ತಳ್ಳಿರುತ್ತದೆ. ಹತ್ತಿರ ಹೋಗಿ ನೋಡಿದರೆ ಅಲ್ಲಿನ ಚರ್ಮ ಎಷ್ಟು ತೆಳುವಾಗಿದೆಯೆಂದರೆ ಅಡಿಯ ನೀಲಿ ರಕ್ತನಾಳಗಳು ಗೆರೆಗೆರೆಯಾಗಿ ಕಾಣುತ್ತವೆ. ಅಲ್ಲಲ್ಲಿ ಚಿಕ್ಕ ಕರಿಚುಕ್ಕೆಗಳೂ ಇರುತ್ತವೆ.

ಇದಕ್ಕಿಂತ ವಿಚಿತ್ರ ಬೇಕೇ? ಕೆಲವು ನಾಯಿಗಳ ಚರ್ಮದೊಳಗೆ ಸುಣ್ಣದಂಶ ಕೂಡಿಕೊಳ್ಳುತ್ತದೆ! ಹೆಸರು ಕ್ಯಾಲ್ಸಿನೋಸಿಸ್ ಕ್ಯೂಟಿಸ್. ಹೆಚ್ಚಾಗಿ ಕತ್ತಿನ ಹಿಂಭಾಗ, ಕಂಕುಳು, ತೊಡೆಸಂದು. ಬೆರಳಿಟ್ಟರೆ ಮೆತ್ತಗಿರಬೇಕಾದ ಚರ್ಮ ಗಟ್ಟಿ ಹಲಗೆ, ನಡುನಡುವೆ ಬಿಳಿ ಹರಳು, ಸುತ್ತ ಕೆಂಪು. ತುರಿಕೆ ಕಡಿಮೆಯಾಗಲೆಂದು ಕೊಟ್ಟ ಔಷಧದಿಂದಲೇ ಇಲ್ಲಿ ತುರಿಕೆ ಹುಟ್ಟುತ್ತದೆ. ಬಹಳ ಕಾಲ ಉಳಿದರೆ ಅದು ಚರ್ಮದೊಳಗೇ ಮೂಳೆಯಾಗಿ ಮಾರ್ಪಡುವುದೂ ಉಂಟು. ಚರ್ಮದಲ್ಲಿ ಮೂಳೆ!

ಸೋಂಕು ತಗುಲಿದರೂ ನಾಯಿ ಸುಮ್ಮನಿರುತ್ತದೆ. ಮೂತ್ರಕೋಶದಲ್ಲಿ ಸೋಂಕಿದ್ದರೆ ಮಾಮೂಲಿಯಾಗಿ ನಾಯಿ ಮುಕ್ಕರಿಯುತ್ತದೆ, ಹನಿಹನಿಯಾಗಿ ಉಚ್ಚೆ ಮಾಡುತ್ತದೆ. ಸ್ಟಿರಾಯ್ಡ್ ಉರಿಯೂತವನ್ನೇ ಅಡಗಿಸಿಬಿಡುವುದರಿಂದ ಆ ಸೂಚನೆ ಯಾವುದೂ ಇಲ್ಲ! ಅದಕ್ಕೇ ದೀರ್ಘಕಾಲ ಗುಳಿಗೆ ತಿನ್ನುವ ನಾಯಿಗೆ ಆಗಾಗ ಮೂತ್ರಪರೀಕ್ಷೆ ಮಾಡಿಸುವುದು.

ಬಹುಪಾಲು ನಾಯಿಮರಿಗಳಿಗೆ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ, ಹಾಲು ಕುಡಿಯುವಾಗ, ತಾಯಿಯಿಂದ ಒಂದು ಉಡುಗೊರೆ ಸಿಗುತ್ತದೆ. ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳ! ಕೂದಲಿನ ಬುಡದಲ್ಲಿ ಅದು ತೆಪ್ಪಗೆ ಬದುಕಿರುತ್ತದೆ. ಮೈಯ ಕಾವಲು ಸ್ಟಿರಾಯ್ಡಿನಿಂದ ಕುಗ್ಗಿತೋ, ಹುಳ ಮಿತಿಮೀರಿ ಹೆಚ್ಚಿ ಬೆಳೆದ ನಾಯಿಗೂ ಕಜ್ಜಿ ಏಳಬಹುದು!

ಗುಣವೂ ಬದಲಾಗುತ್ತದೆ! ಕೆಲವು ನಾಯಿಗಳು ಸಣ್ಣ ಸದ್ದಿಗೂ ಬೆಚ್ಚುತ್ತವೆ, ಚಡಪಡಿಸುತ್ತವೆ, ತಟ್ಟೆಯ ಹತ್ತಿರ ಹೋದರೆ ಗುರ್ರೆನ್ನುತ್ತವೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಊಟದ ಹೊತ್ತಿನಲ್ಲಿ ದೂರ ಇರಿಸಿ.

ದೊಡ್ಡ ನಾಯಿಗೇ ತೊಂದರೆ ಹೆಚ್ಚು, ಇದು ಗೊತ್ತೇ? ಕಿಲೋ ಲೆಕ್ಕದಲ್ಲಿ ಒಂದೇ ಪ್ರಮಾಣ ಕೊಟ್ಟರೂ ಪಮೇರಿಯನ್‌ಗಿಂತ ಗ್ರೇಟ್ ಡೇನ್ ಹೆಚ್ಚು ನರಳುತ್ತದೆ. ಅದಕ್ಕೇ ದೊಡ್ಡ ನಾಯಿಗಳಿಗೆ ಕಿಲೋಗೆ ಇಷ್ಟು ಎಂಬ ಲೆಕ್ಕವನ್ನು ವೈದ್ಯರು ಇಳಿಸುತ್ತಾರೆ.

ಬೆಕ್ಕಿನ ಕತೆ ಬೇರೆ. ಅದು ಇಷ್ಟೆಲ್ಲ ನೀರು ಕುಡಿಯುವುದು ಅಪರೂಪ. ಆದರೆ ಬಹಳ ಕಾಲ ತಿಂದರೆ ಅದರ ಕಿವಿಯ ತುದಿ ಮಡಚಿಕೊಳ್ಳುವುದುಂಟು! ಕುದುರೆಗಂತೂ ಪ್ರೆಡ್ನಿಸೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ತಿನ್ನಿಸಿದರೂ ಉಪಯೋಗವೇ ಇಲ್ಲ. ಪ್ರೆಡ್ನಿಸೋನ್ ಕೆಲಸ ಮಾಡಬೇಕಾದರೆ ಮೈಯೊಳಗೆ ಪ್ರೆಡ್ನಿಸೊಲೋನ್ ಆಗಿ ಬದಲಾಗಬೇಕು. ನಾಯಿಯ ಲಿವರ್ ಅದನ್ನು ಸಲೀಸಾಗಿ ಮಾಡುತ್ತದೆ. ಕುದುರೆಯ ಮೈಯಲ್ಲಿ ಆ ಬದಲಾವಣೆ ಸರಿಯಾಗಿ ನಡೆಯುವುದೇ ಇಲ್ಲ!

ಹಸು ಸಾಕಿದವರಿಗೆ ಇದೊಂದು ಅಚ್ಚರಿ. ತುಂಬು ಗಬ್ಬದ ಹಸುವಿಗೆ ಹೆರಿಗೆ ಮಾಡಿಸಬೇಕಾದಾಗ ಪಶುವೈದ್ಯರು ಕೊಡುವ ಚುಚ್ಚುಮದ್ದುಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡೂ ಒಂದು. ಗಬ್ಬದ ನಾಯಿಗೆ ಅದನ್ನೇ ಕೊಟ್ಟರೆ ಗರ್ಭಪಾತ ಆಗಬಹುದು!

ಡೆಕ್ಸಾಮೆಥಾಸೋನ್‌ನ ಬಲವೆಷ್ಟು ಗೊತ್ತೇ? ಮೈಯೇ ತಯಾರಿಸುವ ಕಾರ್ಟಿಸಾಲ್‌ಗಿಂತ ಪ್ರೆಡ್ನಿಸೊಲೋನ್ ಸುಮಾರು 4 ಪಟ್ಟು ಗಟ್ಟಿ. ಡೆಕ್ಸಾಮೆಥಾಸೋನ್ ಸುಮಾರು 25 ಪಟ್ಟು! ಒಂದರ ಬದಲು ಇನ್ನೊಂದನ್ನು ಅದೇ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಏನಾದೀತು, ನೀವೇ ಯೋಚಿಸಿ.

ಬಾಯಿಗೆ ಹಾಕಿದರೆ ಮಾತ್ರ ಅಡ್ಡಪರಿಣಾಮ ಅಂದುಕೊಳ್ಳಬೇಡಿ. ಕಿವಿಗೆ ಬಿಡುವ ಹನಿ, ಕಣ್ಣಿಗೆ ಬಿಡುವ ಹನಿ, ಚರ್ಮಕ್ಕೆ ಸವರುವ ಮುಲಾಮು, ಎಲ್ಲದರಿಂದಲೂ ಸ್ಟಿರಾಯ್ಡ್ ರಕ್ತ ಸೇರುತ್ತದೆ. ನೀವು ನಿಮ್ಮ ಕೈಗೆ ಹಚ್ಚಿಕೊಂಡ ಸ್ಟಿರಾಯ್ಡ್ ಮುಲಾಮನ್ನು ನಾಯಿ ದಿನಾ ಪ್ರೀತಿಯಿಂದ ನೆಕ್ಕಿದರೂ ಅದರ ಹೊಟ್ಟೆಗೆ ಔಷಧ ಹೋದಂತೆಯೇ!

ಮನೆಯಲ್ಲಿರುವ ನೋವಿನ ಗುಳಿಗೆಯನ್ನು ಜತೆಗೆ ಕೊಟ್ಟುಬಿಡುವ ಅಭ್ಯಾಸ ನಮ್ಮಲ್ಲಿದೆ. ಇದು ನಿಜಕ್ಕೂ ಅಪಾಯ. ಮೆಲಾಕ್ಸಿಕ್ಯಾಮ್, ಆಸ್ಪಿರಿನ್‌ನಂಥವು ಸ್ಟಿರಾಯ್ಡ್ ಜತೆ ಸೇರಿದರೆ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಮಲ ಕಡುಗಪ್ಪಾಗಿ ಅಂಟಂಟಾಗಿ ಬಂದರೆ ಅದು ಕರುಳಿನಲ್ಲಿ ಜೀರ್ಣವಾಗಿ ಬಂದ ರಕ್ತ ಇರಬಹುದು. ಆಗ ಒಂದು ಗಳಿಗೆಯೂ ಕಾಯಬೇಡಿ, ಡಾಕ್ಟರ ಬಳಿ ಓಡಿ!

ಸ್ಟಿರಾಯ್ಡ್ ಔಷಧದ ಹುಟ್ಟಿನ ಕತೆಯೂ ಸೊಗಸು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಲುಬೇನೆಯಿಂದ ಅಲುಗಾಡಲಾಗದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು! ಎರಡೇ ವರ್ಷಕ್ಕೆ, 1950ರಲ್ಲಿ, ಇದರ ಹಿಂದಿದ್ದ ವಿಜ್ಞಾನಿಗಳಾದ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್. ಆಮೇಲೆ ಕಾರ್ಟಿಸೋನನ್ನು ಪ್ರೆಡ್ನಿಸೋನ್ ಆಗಿ ಬದಲಿಸಿಕೊಟ್ಟದ್ದು ಯಾರು ಗೊತ್ತೇ? ಒಂದು ಬ್ಯಾಕ್ಟೀರಿಯಾ!

ಇಷ್ಟೆಲ್ಲ ಓದಿ ಗುಳಿಗೆಯನ್ನು ಇವತ್ತೇ ಕಸಕ್ಕೆ ಎಸೆಯೋಣ ಅನ್ನಿಸಿತೇ? ನಿಲ್ಲಿ, ನಿಲ್ಲಿ! ಎಲ್ಲಕ್ಕಿಂತ ದೊಡ್ಡ ಅಪಾಯ ಅಲ್ಲೇ ಇರುವುದು. ಮೂತ್ರಪಿಂಡದ ಪಕ್ಕದಲ್ಲಿ ಅಡ್ರಿನಲ್ ಎಂಬ ಜೋಡಿ ಗ್ರಂಥಿಗಳಿವೆ. ನಾಯಿಯ ಎಡಗಡೆಯದು ಥೇಟ್ ಸಿಪ್ಪೆಸಮೇತದ ಕಡಲೆಕಾಯಿಯ ಆಕಾರ! ಕಾರ್ಟಿಸಾಲ್ ತಯಾರಾಗುವುದು ಅಲ್ಲೇ. ಹೊರಗಿನಿಂದ ದಿನಾ ಗುಳಿಗೆ ಬರುತ್ತಿದ್ದರೆ ಗ್ರಂಥಿಗೆ ಕೆಲಸವಿಲ್ಲ. ಕೆಲಸವಿಲ್ಲದೆ ಅದು ಸೊರಗಿ ಸಣ್ಣದಾಗುತ್ತದೆ. ಹೀಗಿರುವಾಗ ಗುಳಿಗೆಯನ್ನು ದಿಢೀರನೆ ನಿಲ್ಲಿಸಿದರೆ ಮೈಯಲ್ಲಿ ಕಾರ್ಟಿಸಾಲ್ ಎಲ್ಲಿಂದ ಬರಬೇಕು? ನಾಯಿ ವಾಂತಿ ಮಾಡಿಕೊಂಡು, ನಿತ್ರಾಣವಾಗಿ ಕುಸಿಯಬಹುದು. ಪ್ರಾಣವೇ ಹೋಗಬಹುದು!

ಅದಕ್ಕೇ ವೈದ್ಯರು ಚೀಟಿಯಲ್ಲಿ ಬರೆಯುವುದು: ಮೊದಲು ದಿನಕ್ಕೊಂದು, ಆಮೇಲೆ ಅರ್ಧ, ಆಮೇಲೆ ದಿನ ಬಿಟ್ಟು ದಿನ. ಆ ಬಿಡುವಿನ ದಿನ ಇದೆಯಲ್ಲ, ಅದು ಗ್ರಂಥಿ ಮತ್ತೆ ಕೆಲಸ ಕಲಿಯಲು ಕೊಡುವ ದಿನ! ನಾಯಿ ಚೆನ್ನಾಗಿದೆ ಎಂದು ಆ ಚೀಟಿಯನ್ನು ನಡುವೆ ಬಿಡಬೇಡಿ. ವಾರಗಟ್ಟಲೆ ಮೈಯಲ್ಲಿ ಉಳಿಯುವ ಚುಚ್ಚುಮದ್ದಾದರೆ ಈ ಅನುಕೂಲವೇ ಇಲ್ಲ. ಒಮ್ಮೆ ಒಳಗೆ ಹೋದದ್ದನ್ನು ವಾಪಸು ತೆಗೆಯುವುದು ಹೇಗೆ?

ಇಂಥ ಔಷಧವನ್ನು ಕೊಡುವುದಾದರೂ ಯಾಕೆ ಎನ್ನುತ್ತೀರಾ? ತನ್ನ ರಕ್ತಕಣವನ್ನು ತಾನೇ ಕೊಂದುಕೊಳ್ಳುವ ಕಾಯಿಲೆಯೊಂದು ನಾಯಿಗಳಿಗೆ ಬರುತ್ತದೆ. ವಸಡು ಬಿಳಿಚಿ ನಾಯಿ ನೆಲ ಹಿಡಿದಿರುತ್ತದೆ. ಅಂಥ ನಾಯಿಯ ಜೀವ ಉಳಿಸಲು ವೈದ್ಯರು ಮೊದಲು ಕೈಹಾಕುವುದು ಇದೇ ಗುಳಿಗೆಗೆ!

ಇನ್ನು ಕೆಲವು ನಾಯಿಗಳಿಗೆ ಹುಷಾರು ತಪ್ಪುವುದೇ ಮೈಯಲ್ಲಿ ಕಾರ್ಟಿಸಾಲ್ ಇಲ್ಲದೆ. ಆ ರೋಗವನ್ನು ಮನುಷ್ಯರಲ್ಲಿ ಗುರುತಿಸಿ 1855ರಲ್ಲಿ ವಿವರಿಸಿದ್ದು ಇಂಗ್ಲೆಂಡಿನ ಥಾಮಸ್ ಅಡಿಸನ್. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಗೂ ಅದೇ ರೋಗವಿತ್ತು! ಈ ನಾಯಿಗಳಿಗೆ ಜೀವನಪೂರ್ತಿ ಸಣ್ಣ ಪ್ರಮಾಣದ ಸ್ಟಿರಾಯ್ಡ್ ಬೇಕು. ಅಷ್ಟು ಸಣ್ಣ ಪ್ರಮಾಣದಲ್ಲಿ ಮೇಲೆ ಹೇಳಿದ ಉಪದ್ರವಗಳು ಅಷ್ಟಾಗಿ ಕಾಣುವುದಿಲ್ಲ. ಹೆದರಿಕೆಯ ದಿನಗಳಲ್ಲಿ ಆರೋಗ್ಯವಂತ ಮೈ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ, ಇವುಗಳ ಮೈಗೆ ಅದು ಬರದು. ಹಾಗಾಗಿ ದೀಪಾವಳಿಯ ಪಟಾಕಿ ಶುರುವಾಗುವ ಮೊದಲೇ ಮನೆಯವರು ವೈದ್ಯರನ್ನು ಕೇಳಿಕೊಂಡು ಆ ದಿನಗಳಿಗೆಂದು ಗುಳಿಗೆಯ ಪ್ರಮಾಣವನ್ನು ಏರಿಸಿರುತ್ತಾರೆ!